ಎಡಗಡೆ ಚಕ್ರದ ಸದ್ದು

9 ಸೆಪ್ಟೆಂಬರ್ 2025, ಮಂಗಳವಾರ

ಹುಣಸೂರಿಗೆ ಹೋಗಿ ಪಿಕಪ್ ವಾಟರ್ ಸರ್ವಿಸ್ ಮಾಡಿಸಿಕೊಂಡು ಬಂದೆ. ತಿಂಗಳಿಗೊಂದು ಸಲ. ಹದಿನೈದು ವರ್ಷದಿಂದ ತಪ್ಪಿಸಿಲ್ಲ. ಮೇಲೆ ನೀರು, ನೊರೆ. ಕೆಳಗೆ ಡೀಸೆಲ್ ಸ್ಪ್ರೇ. ಸರ್ವಿಸಿನವನು ಡೀಸೆಲ್ಲಿಗೆ ಜಿಪುಣತನ ಮಾಡುತ್ತಾನೆ, ಪಕ್ಕದಲ್ಲೇ ನಿಂತು ಎರಡು ಸಲ ಹೊಡೆಸಿದೆ. ಬಗ್ಗಿ ನೋಡಿದರೆ ಗಾಡಿಯ ಹೊಟ್ಟೆ ಕರ್ರಗೆ ಮಿರಮಿರ! 2010ರ ಮಾಡೆಲ್ ಅಂದರೆ ಯಾರೂ ನಂಬುವುದಿಲ್ಲ. ಯಾರೂ ಕೇಳುವುದೂ ಇಲ್ಲ, ನಾನೇ ಹೇಳಿಕೊಂಡು ತಿರುಗುತ್ತೇನೆ, ಅದು ಬೇರೆ ಮಾತು.

ಸಂಜೆ ಜಗಲಿಯಲ್ಲಿ ಕಾಫಿ. ಸುನಂದಾ ಮತ್ತೆ ಬಲಗಡೆಯೇ ಬಂದು ಕೂತಳು. ಎಡಗಡೆ ಅಷ್ಟು ಜಾಗ ಇದೆ, ಆದರೂ ನನ್ನನ್ನೇ ಸರಿಸಿದಳು. ಹೆಂಡತಿ ಎಡಗಡೆ ಕೂರಬೇಕು ಕಣೇ ಅಂದೆ. "ನಂಗೆ ಇಲ್ಲೇ ಗಾಳಿ ಬತ್ತದೆ ಬುಡಿ" ಅಂದಳು. ಗಾಳಿಯೂ ಇಲ್ಲ, ಏನೂ ಇಲ್ಲ. ಬರೀ ಹಟ.

12 ಸೆಪ್ಟೆಂಬರ್, ಶುಕ್ರವಾರ

ಮಗಳು ಅನು ಎರಡು ತಿಂಗಳಿಂದ ಡ್ರೈವಿಂಗ್ ಕಲಿಯುತ್ತಿದ್ದಾಳೆ. ಮನೆ ಹಿಂದಿನ ಹತ್ತು ಗುಂಟೆಯಲ್ಲಿ ನರ್ಸರಿ ಅವಳದು. ಟೊಮೇಟೊ, ಮೆಣಸಿನ ಸಸಿ ಬೆಳೆಸಿ ಟ್ರೇ ಲೆಕ್ಕದಲ್ಲಿ ಕೊಡುತ್ತಾಳೆ. ಸಾಗಿಸುವುದಕ್ಕೆ ನಾನು. "ಎಷ್ಟು ದಿನ ನಿನ್ನೇ ಕಾಯ್ಲಿ" ಅಂತ ಅವಳ ವಾದ.

ಇವತ್ತು ಅವಳು ಸ್ಟೀರಿಂಗಿನಲ್ಲಿ, ನಾನು ಎಡಗಡೆ ಸೀಟಿನಲ್ಲಿ. ಹಾಲಿನ ಡೇರಿ ಮುಂದಿನ ಹಂಪ್ ಇಳಿದ ಕೂಡಲೇ ಬ್ರೇಕ್ ಹಾಕಿದಳು.

"ಅಪ್ಪಾ, ಎಡಗಡೆ ಚಕ್ರದಲ್ಲಿ ಟಕ್ ಅಂತು."

"ನಂಗೇನೂ ಕೇಳ್ನಿಲ್ವಲ್ಲವ್ವ."

"ಚಕ್ರದ ಮೇಲೇ ಕೂತಿದ್ದೀಯ ಕಣಪ್ಪ!"

"ಹೊಸದಾಗಿ ಕಲಿಯೋರ್ಗೆ ಎಲ್ಲಾ ಸದ್ದೂ ಕೇಳ್ತದೆ. ಕ್ಲಚ್ ಕಡೆ ಗಮನ ಕೊಡು."

ಇಲ್ಲಿ ಮಾತ್ರ ಬರೆಯಬಹುದು — ಎಡಗಿವಿ ಮಂದವಾಗಿ ಮೂರು ವರ್ಷ. ಡಾಕ್ಟರಿಗೆ ತೋರಿಸಿಲ್ಲ. ಯಾರಿಗೂ ಹೇಳಿಲ್ಲ. ಡ್ರೈವರಿಗೆ ಕಿವಿ ಕೇಳಲ್ಲ ಅಂತ ಊರಿಗೆ ಗೊತ್ತಾದರೆ ಮುಗಿಯಿತು, ಕೈಲಿರುವ ಕೀ ಇಸಿದುಕೊಂಡು ಜಗಲಿ ಮೇಲೆ ಕೂರಿಸುತ್ತಾರೆ. ಸದ್ದು ಇರಲಿಕ್ಕಿಲ್ಲ. ಇದ್ದಿದ್ದರೆ ನನ್ನ ಗಾಡಿ ನನಗೆ ಹೇಳುತ್ತಿರಲಿಲ್ಲವೇ.

19 ಸೆಪ್ಟೆಂಬರ್, ಶುಕ್ರವಾರ

ಅನು ಡಿ.ಎಲ್. ಟೆಸ್ಟ್ ಪಾಸ್. ಮೊದಲನೇ ಸಲಕ್ಕೇ! ಹುಣಸೂರಿನಿಂದ ಮೈಸೂರುಪಾಕು ತಂದಳು. ನನಗೆ ಒಂದೇ ತುಂಡು, ಶುಗರ್ ಅಂತೆ. ಆಮೇಲೆ ಡಬ್ಬಿ ಹುಡುಕಿ ಇನ್ನೆರಡು ತಿಂದೆ.

ಹಂಪಾಪುರದ ಶ್ಯಾಮಲಾ ಫೋನ್ ಮಾಡಿದ್ದರು. ಅಲ್ಲಿನ ಹೆಂಗಸರ ಸಂಘಕ್ಕೆ ತೊಂಬತ್ತು ಟ್ರೇ ಮೆಣಸಿನ ಸಸಿ. ಅಕ್ಟೋಬರ್ 4ಕ್ಕೆ ನಾಟಿ, ಆಳುಗಳಿಗೆ ಹೇಳಿಯಾಗಿದೆ. ಅಷ್ಟು ದೊಡ್ಡ ಆರ್ಡರ್ ಇದೇ ಮೊದಲು. ಹುಣಸೂರು ದಾಟಿ, ಎಚ್.ಡಿ. ಕೋಟೆ ದಾಟಿ ಹೋಗಬೇಕು. ಅನು ಒಬ್ಬಳೇ ಹೋಗುತ್ತಾಳಂತೆ. ನಾನೇ ಓಡಿಸ್ತೀನಿ ಅಂದೆ.

ಆಮೇಲೆ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. ಮುಂದಿನ ಎಡಗಡೆ ಟೈರು. ಒಳಅಂಚು ಸವೆದು ಬೋಳಾಗಿದೆ, ಹೊರಗಡೆ ಹೊಸದರ ಹಾಗೇ ಇದೆ. ಗಾಳಿ ಕಮ್ಮಿ ಇರಬೇಕು ಅಂದೆ. ಗಾಳಿ ಸರಿಯಾಗಿಯೇ ಇದೆ ಅಂತ ನನಗೂ ಗೊತ್ತು.

26 ಸೆಪ್ಟೆಂಬರ್, ಶುಕ್ರವಾರ

ಒಂದು ವಾರ ಬರೆಯಲು ಮನಸ್ಸಾಗಲಿಲ್ಲ.

ನಿನ್ನೆ ಹುಣಸೂರು ರಸ್ತೆ, ನಾನೇ ಓಡಿಸುತ್ತಿದ್ದೆ. ಎಡಗಡೆಯಿಂದ ಒಂದು ಕಾರು ನುಗ್ಗಿತು. ಹಾರ್ನ್ ಹೊಡೆದಿದ್ದನಂತೆ, ಒಂದಲ್ಲ, ಮೂರು ಸಲ. ಅನು ಸ್ಟೀರಿಂಗಿಗೇ ಕೈ ಹಾಕಿದಳು. ಏನೂ ಆಗಲಿಲ್ಲ. ಮನೆ ಮುಂದೆ ನಿಲ್ಲಿಸಿದ ಮೇಲೆ ಕೀ ಕಿತ್ತುಕೊಂಡಳು.

"ಇದ್ರಲ್ಲಿ ನಾನೂ ಹೋಗಕಿಲ್ಲ, ನೀನೂ ಹೋಗ್ಬ್ಯಾಡ. ಚಕ್ರ ಬೇರೆ ಹಂಗದೆ. ಹಂಪಾಪುರಕ್ಕೆ ಬೇರೆ ಗಾಡಿ ಹೇಳ್ತೀನಿ."

ಬೇರೆ ಗಾಡಿ! ಗಾಡಿ ಇಟ್ಟುಕೊಂಡಿರುವ ಮನೆಯಲ್ಲಿ! ಸಿಟ್ಟು ಬಂತು ಅಂತ ಬರೆಯಬೇಕು ಅಂದುಕೊಂಡೆ. ಬಂದದ್ದು ಭಯ.

27 ಸೆಪ್ಟೆಂಬರ್, ಶನಿವಾರ, ಬೆಳಿಗ್ಗೆ 7

ಡೇರಿಗೆ ಹಾಲು ಹಾಕುವವರು ಬರುವ ಮೊದಲೇ ಅನುವನ್ನು ಎಬ್ಬಿಸಿದೆ. "ಮೆಲ್ಲಗೆ ಹಂಪ್ ದಾಟ್ಸು. ನಾನು ಪಕ್ದಲ್ಲಿ ನಡ್ಕಬತ್ತೀನಿ." ಎಡಗಡೆ ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟುಕೊಂಡು ನಡೆದೆ. ಮದುವೆಯಲ್ಲಿ ವರನ ಕುದುರೆ ಹಿಡಿದು ನಡೆಸುವವನ ಹಾಗೆ ಕಾಣುತ್ತಿದ್ದೆನೋ ಏನೋ.

ಚಕ್ರ ಹತ್ತಿತು. ಇಳಿಯಿತು.

ಟಕ್.

ಕಿವಿಗೆ ಏನೂ ಇಲ್ಲ. ಅಂಗೈಗೆ ಬಂತು. ಒಳಗಿನಿಂದ ಯಾರೋ ಬೆರಳಲ್ಲಿ ತಟ್ಟಿದಂತೆ. ಇನ್ನೊಂದು ಸಲ ದಾಟಿಸಿದಳು, ಇನ್ನೊಂದು ಟಕ್. "ಈಗ ಕೇಳ್ತಾ?" ಅಂದಳು. "ಸಿಕ್ತು" ಅಂದೆ. ಕೇಳಿಸಿತು ಅನ್ನಲಿಲ್ಲ. ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು, ಗಾಡಿ ಮನೆ ಕಡೆ ತಿರುಗಿಸಿದಳು.

29 ಸೆಪ್ಟೆಂಬರ್, ಸೋಮವಾರ

ಹುಣಸೂರಿನಲ್ಲಿ ಮೆಕ್ಯಾನಿಕ್ ಪುಟ್ಟಮಲ್ಲಪ್ಪನ ಗ್ಯಾರೇಜು. ಖಾಲಿ ಗಾಡಿ, ಅನು ಇರುವೆ ನಡಿಗೆಯಲ್ಲಿ ಓಡಿಸಿಕೊಂಡು ಬಂದಳು. ಚಕ್ರ ನೆಲ ಬಿಡುವಷ್ಟು ಜಾಕ್ ಏರಿಸಿದ. ಟೈರಿನ ಕೆಳಗೆ ಹಾರೆ ಕೊಟ್ಟು ಮೀಟಿದ. ಇಡೀ ಚಕ್ರ ಮೇಲೆ ಕೆಳಗೆ ಆಡಿತು, ಹಾಲುಹಲ್ಲಿನ ಹಾಗೆ.

"ಬಾಲ್ ಜಾಯಿಂಟು ಹೋಗದೆ ಚೆಲುವಣ್ಣ. ಚಕ್ರ ಹಿಡ್ಕಂಡಿರೋ ಮಂಡಿಚಿಪ್ಪು ಅಂತ ತಿಳ್ಕಳಿ. ಲೋಡ್ ಹಾಕಂಡು ಹೋಗಿ ಒಂದು ಗುಂಡಿಗೆ ಇಳಿಸಿದ್ರೆ ಕಳಚ್ಕಂಡು ಚಕ್ರ ಮಡಚ್ಕಳದು."

ತೊಂಬತ್ತು ಟ್ರೇ. ಕೋಟೆ ರಸ್ತೆ. ಸ್ಟೀರಿಂಗಿನಲ್ಲಿ ಅನು. ಅಲ್ಲೇ ಇದ್ದ ಹಳೇ ಟೈರಿನ ಮೇಲೆ ಕೂತೆ.

ತಿಂಗಳು ತಿಂಗಳು ಇಷ್ಟು ಚೆನ್ನಾಗಿ ನೋಡಿಕೊಂಡಿದ್ದೇನಲ್ಲ ಅಂದೆ. ಪುಟ್ಟಮಲ್ಲಪ್ಪ ಜಾಯಿಂಟಿನ ರಬ್ಬರ್ ಟೋಪಿ ಕಿತ್ತು ನನ್ನ ಅಂಗೈಗೆ ಹಾಕಿದ. ಊದಿಕೊಂಡಿದೆ, ಮೆತ್ತಗಾಗಿದೆ, ಹರಿದಿದೆ. ಡೀಸೆಲ್ ವಾಸನೆ.

"ನೀವು ನೋಡ್ಕಂಡಿದ್ದೇ ಜಾಸ್ತಿ ಆಯ್ತು. ಡೀಸೆಲ್ ಹೊಡ್ಸಿ ಹೊಡ್ಸಿ ರಬ್ಬರ್ ತಿಂದಾಕದೆ. ಹರಿದ ಮೇಲೆ ಮಣ್ಣು, ನೀರು ಒಳಕ್ಕೆ ಹೋಯ್ತು, ಗ್ರೀಸ್ ಈಚೆಗೆ ಬಂತು."

ಪಕ್ಕದಲ್ಲಿ ನಿಂತು ಎರಡು ಸಲ ಹೊಡೆಸಿದವನು ನಾನೇ. ನಾಚಿಕೆಯಾಯಿತು. ಅನು ನಗುತ್ತಾಳೆ ಅಂದುಕೊಂಡೆ, ನಗಲಿಲ್ಲ. ನನ್ನ ಕೈಯಿಂದ ಆ ರಬ್ಬರ್ ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡಳು.

ಎರಡೂ ಕಡೆ ಹೊಸದು ಹಾಕಿಸಿದ್ದಾಯಿತು. ಮುಂದಿನ ಎರಡು ಟೈರು, ಅಲೈನ್‌ಮೆಂಟ್ ಕೂಡ. ಇನ್ನು ಮೇಲೆ ಕೆಳಗಡೆ ಬರೀ ನೀರು, ಬಟ್ಟೆಯಲ್ಲಿ ಒರೆಸುವುದು. ತಿಂಗಳಿಗೊಂದು ಸಲ ರಬ್ಬರ್ ಬಿರಿದಿದೆಯಾ ಅಂತ ಬಗ್ಗಿ ನೋಡುವುದು, ಜಾಕ್ ಕೊಟ್ಟು ಚಕ್ರ ಮೀಟುವುದು. ಗ್ರೀಸ್ ಹೊಡೆಯುವ ಮೂತಿ ಇರುವ ಜಾಯಿಂಟು ಕೇಳಿ ಹಾಕಿಸಿದೆ. ಇದೊಂದಾದರೂ ನನ್ನ ಬುದ್ಧಿ ಅಂತ ಇರಲಿ.

1 ಅಕ್ಟೋಬರ್, ಬುಧವಾರ, ಆಯುಧಪೂಜೆ

ಗಾಡಿಗೆ ಬಾಳೆಕಂದು, ಚೆಂಡುಹೂವು. ಹದಿನೈದು ವರ್ಷದಲ್ಲಿ ಮೊದಲನೇ ಸಲ ಡೀಸೆಲ್ ಸ್ಪ್ರೇ ಇಲ್ಲದ ಹಬ್ಬ. ಕೆಳಗೆ ಬಗ್ಗಿ ನೋಡಿದೆ, ಮಂಕಾಗಿದೆ. ಪರವಾಗಿಲ್ಲ, ನೋಡುವವನು ನಾನೊಬ್ಬನೇ. ಕುಂಬಳಕಾಯಿ ಒಡೆದೆ. ಚಕ್ರದ ಕೆಳಗೆ ನಿಂಬೆಹಣ್ಣಿಟ್ಟೆ. ಹತ್ತಿಸಲಿಕ್ಕೆ ನಾನೇ ಕೂರುವುದು ವಾಡಿಕೆ. ಬಾಗಿಲು ತೆಗೆದು ಅನುವನ್ನು ಕೂರಿಸಿದೆ. ಸುನಂದಾ ಕಣ್ಣೊರೆಸಿಕೊಂಡಳು. ಕರ್ಪೂರದ ಹೊಗೆಯಂತೆ.

4 ಅಕ್ಟೋಬರ್, ಶನಿವಾರ, ಬೆಳಿಗ್ಗೆ 6.20

ಹೊರಟಳು. ಕೀ ನಾನೇ ಕೊಟ್ಟೆ. "ನೀನೂ ಬಾ ಅಪ್ಪ, ಪಕ್ದಲ್ಲಿ ಕೂತ್ಕೊ" ಅಂದಳು. ಬೇಡ ಅಂದೆ. ಪಕ್ಕದಲ್ಲಿ ಕೂತರೆ ಕಾಲು ತಾನಾಗಿ ಬ್ರೇಕ್ ಹುಡುಕುತ್ತದೆ.

ಮಧ್ಯಾಹ್ನ 12

ಫೋನ್ ಬಂತು. ತಲುಪಿ, ಟ್ರೇ ಎಲ್ಲ ಇಳಿಸಿಯೂ ಆಯಿತಂತೆ. ಒಂದು ಟ್ರೇ ಕೂಡ ಬಾಡಿಲ್ಲ. ಶ್ಯಾಮಲಾ ಊಟ ಮಾಡಿಯೇ ಹೋಗಬೇಕು ಅಂತ ಕೂರಿಸಿಕೊಂಡಿದ್ದಾರಂತೆ. ಸಂತೋಷಕ್ಕೆ ನಾನೂ ಎರಡು ಮುದ್ದೆ ಉಂಡೆ.

ಸಂಜೆ 4.40

ಜಗಲಿಯಲ್ಲೇ ಕೂತು ಬರೆಯುತ್ತಿದ್ದೇನೆ. ಇಷ್ಟೊತ್ತಿಗೆ ಬರಬೇಕು. ಕಾಫಿ ಆಯಿತು. ಸುನಂದಾ ಬಂದಳು, ನನ್ನನ್ನು ಸರಿಸಿ ಬಲಗಡೆಯೇ ಕೂತಳು. ಹೇಳಿಬಿಟ್ಟೆ. "ಎಡಗಿವಿ ಮಂದ ಆಗದೆ ಕಣೇ. ಅದಕ್ಕೇ ಆ ಸದ್ದು ನಂಗೆ ಕೇಳ್ನಿಲ್ಲ."

ಸೊಪ್ಪು ಬಿಡಿಸುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ.

"ಗೊತ್ತು ಕಣ್ರೀ. ಮೂರು ವರ್ಸದಿಂದ ಈ ಕಡೆ ಬಂದು ಕೂರ್ತಿರದು ಮತ್ಯಾಕೆ ಅನ್ಕಂಡಿದ್ರಿ?"

ಗಾಳಿ ಬರುತ್ತದೆ ಅಂದಿದ್ದಳಲ್ಲ. ಇವಳ ಮೇಲೆ ಎಷ್ಟು ರೇಗಿದ್ದೇನೆ! ಅವಳ ಜೊತೆ ಸೊಪ್ಪು ಬಿಡಿಸಿದೆ. ಸೋಮವಾರ ಕಿವಿ ಡಾಕ್ಟರ ಹತ್ತಿರ ಹೋಗಬೇಕಂತೆ. ಅನು ಕರೆದುಕೊಂಡು ಹೋಗುತ್ತಾಳಂತೆ, ಗಾಡಿಯಲ್ಲೇ. ತಾಯಿ ಮಗಳು ಮೊದಲೇ ಮಾತಾಡಿಕೊಂಡಿದ್ದಾರೆ!

ಹಾರ್ನ್. ನನಗೂ ಕೇಳಿಸಿತು. ಡೇರಿ ಹತ್ತಿರ ನಮ್ಮದೇ ಗಾಡಿ. ಹಂಪ್ ಹತ್ತಿತು. ಮುಂದಿನ ಚಕ್ರ ಇಳಿಯಿತು. ನಾನು ರಸ್ತೆ ನೋಡಲಿಲ್ಲ, ಸುನಂದಾಳ ಮುಖ ನೋಡಿದೆ. ಸದ್ದಿಲ್ಲ ಅಂತ ತಲೆ ಆಡಿಸಿದಳು. ನಗುತ್ತಿದ್ದಾಳೆ. ಬರೆದಿದ್ದು ಸಾಕು, ಎದ್ದು ಗೇಟು ತೆಗೀರಿ ಅಂತಿದ್ದಾಳೆ, ಬಲಗಿವಿಯ ಹತ್ತಿರಾನೇ ಬಂದು, ಅದೂ ಎಷ್ಟು ಜೋರಾಗಿ!