ಹುಳು ಮನೆಯ ಇಂಟರ್ನೆಟ್

ಏಪ್ರಿಲ್ 8, ಬೆಳಿಗ್ಗೆ 6.50

ಮತ್ತೆ ಚಕ್ರ ತಿರುಗುತ್ತಿದೆ — ಲ್ಯಾಪ್‌ಟಾಪ್ ಪರದೆಯ ಮೇಲೆ. ಕಾಫಿ ಕುಡಿದು ಲೋಟ ತೊಳೆದಿಟ್ಟರೂ ಮೇಲ್ ತೆರೆದಿಲ್ಲ. ನಿನ್ನೆ ಆಪರೇಟಿಂಗ್ ಸಿಸ್ಟಂ ಅಪ್‌ಗ್ರೇಡ್ ಮಾಡಿದ ಫಲ. ಮಾಡದೆ ಗತಿ ಇರಲಿಲ್ಲ. ಹದಿನೇಳನೇ ತಾರೀಕು ಹನ್ನೊಂದು ಗಂಟೆಗೆ ಆನ್‌ಲೈನ್ ಸಂದರ್ಶನ. ಹಳೇ ಸಿಸ್ಟಂ ನಡೆಯದು ಎಂದು ಬರೆದಿದ್ದಾರೆ. ಇಪ್ಪತ್ತು ನಿಮಿಷ ಫಿಸಿಕ್ಸ್ ಪಾಠ ಮಾಡಿ ತೋರಿಸಬೇಕು. ಆಯ್ಕೆಯಾದರೆ ಅಕ್ಕೂರಿನ ಈ ನಡುಮನೆಯಿಂದಲೇ ಕೆಲಸ. ಎಂ.ಎಸ್ಸಿ. ಮುಗಿಸಿ ನಾಲ್ಕು ವರ್ಷಕ್ಕೆ ಬಂದ ಮೊದಲ ಕರೆ.

ನೆಟ್ ಸ್ಪೀಡ್ 0.8 ಎಂಬಿಪಿಎಸ್. ಅಪ್ಪು ಹೋಗಿ ಬರೀ ಗ್ರೇಡು ಉಳಿದಿದೆ.

ರೂಟರ್ ಇರುವುದು ಹಿತ್ತಲಿನ ಹುಳು ಮನೆಯಲ್ಲಿ, ರೇಷ್ಮೆ ಹುಳು ಸಾಕುವ ಕೊಟ್ಟಿಗೆಯಲ್ಲಿ. ಕಂಬದಿಂದ ವೈರು ಆ ಕಡೆಯೇ ಬಂತು. ಪಕ್ಕದಲ್ಲೇ ಸೊಪ್ಪು ಹಾಕುತ್ತಿದ್ದ ಗಂಡ ಲೋಕೇಶ್ ಅಲ್ಲಿಂದಲೇ ಕೂಗಿದ: "ನನ್ ಫೋನಲ್ಲಿ ರಾಕೆಟ್ ಥರ ಐತೆ ಕಣೇ! ನಿನ್ ಡಬ್ಬಾನೇ ಸರಿಯಿಲ್ಲ."

ಡಬ್ಬವನ್ನು ಸರಿ ಮಾಡಿಯೇ ತೀರುತ್ತೇನೆ.

ಏಪ್ರಿಲ್ 9

ರೀಸ್ಟಾರ್ಟ್. ಹೊಸ ಡ್ರೈವರ್. ಹಳೇ ಆಂಟಿವೈರಸ್‌ಗೆ ತಿಥಿ. ರೂಟರ್ ಆಫ್ ಮಾಡಿ ಆನ್ ಮಾಡಿದ್ದು ಲೋಕೇಶ್ — ನನಗೆ ಹುಳು ಮನೆಗೆ ಪ್ರವೇಶವಿಲ್ಲ. ಅತ್ತೆ ಬೋರಮ್ಮನವರ ಕಾನೂನು: ಪೌಡರ್ ಹಚ್ಚಿದವರು, ಸೆಂಟು ಹಾಕಿದವರು, ಬೇರೆ ಹುಳು ಮನೆ ಹೊಕ್ಕು ಬಂದವರು ಒಳಗೆ ಕಾಲಿಡಕೂಡದು. ರೇಷ್ಮೆ ಹುಳುವಿಗೆ ಆಗದು. ನಾನು ಮೊದಲನೇ ಕಲಮಿಗೇ ಸಿಕ್ಕಿಬಿದ್ದವಳು.

ಸ್ಪೀಡ್ 0.9. ಪ್ರಗತಿ!

ಏಪ್ರಿಲ್ 11, ಸಂಜೆ

ಚನ್ನಪಟ್ಟಣದಿಂದ ಕೇಬಲ್‌ನವರ ಹುಡುಗ ಜಯಕುಮಾರ್ ಬಂದ. ಹುಳು ಮನೆಯ ಬಾಗಿಲಲ್ಲಿ ಅತ್ತೆ ಅಡ್ಡ.

"ಯಾರ್ ಹುಳು ಮನೆ ತುಳ್ಕಂಡ್ ಬಂದಿದ್ದೀಯಪ್ಪಾ?"

"ಬೆಳಿಗ್ಗೆ ಒಂದ್ಕಡೆ ಓಗಿದ್ದೆ ಕಣಮ್ಮ. ಒಸಿ ರೂಟರ್ ನೋಡ್ಬುಟ್ಟು ಬಂದ್ಬುಡ್ತೀನಿ."

"ನೋಡದಾದ್ರೆ ಅಲ್ಲಿಂದ್ಲೇ ನೋಡು. ಏನ್ ಹೆಣ್ ನೋಡೋ ಶಾಸ್ತ್ರವಾ, ಒಳೀಕ್ ಬಂದು ಕುಂತ್ಕಳಕೆ?"

ಪಾಪ, ನಡುಮನೆಯಲ್ಲಿ ಕುಳಿತು ಲ್ಯಾಪ್‌ಟಾಪನ್ನೇ ಬಗೆದ. ಕಳ್ಳರಿಬ್ಬರು ಸಿಕ್ಕರು. ಹೊಸ ಸಿಸ್ಟಂ ನನ್ನ ಫೋಟೊಗಳನ್ನೆಲ್ಲ ಹೇಳದೆ ಕೇಳದೆ ಮೇಲಕ್ಕೆ, ಕ್ಲೌಡಿಗೆ, ಕಳಿಸುತ್ತಿತ್ತು; ಜೊತೆಗೆ ತಾನು ಪಡೆದ ಅಪ್‌ಡೇಟನ್ನು ಊರಿನವರಿಗೆಲ್ಲ ಹಂಚುತ್ತಿತ್ತು, ಮದುವೆ ಮನೆಯ ತಾಂಬೂಲದ ಹಾಗೆ. ಎರಡನ್ನೂ ನಿಲ್ಲಿಸಿದ. ಸ್ಪೀಡ್ 12! ಜಯಕುಮಾರನಿಗೆ ಜಯವಾಗಲಿ.

ಏಪ್ರಿಲ್ 14, 11.30

ಜಯ ಹಿಂದಕ್ಕೆ. ಮೂರು ದಿನ ಪಟ್ಟಿ ಬರೆದೆ. ಬೆಳಿಗ್ಗೆ ಆರಕ್ಕೆ 12. ಒಂಬತ್ತಕ್ಕೆ 11. ಹನ್ನೊಂದಕ್ಕೆ — ಸರಿಯಾಗಿ ಸಂದರ್ಶನದ ಹೊತ್ತಿಗೆ — 0.9. ದಿನವೂ. ಫೋನಿನ ನೆಟ್ ನೆಚ್ಚಿಕೊಳ್ಳೋಣವೆಂದರೆ ಸಿಗ್ನಲ್‌ಗಾಗಿ ನೀರಿನ ಟ್ಯಾಂಕ್ ಹತ್ತಬೇಕು. ಟ್ಯಾಂಕ್ ಮೇಲೆ ನಿಂತು ಪಾಠ ಮಾಡಿದರೆ ಉನ್ನತ ಶಿಕ್ಷಣ ಎಂದಾರು.

ಸಿಸ್ಟಂ ಒಳಗೆ ಇನ್ನೊಬ್ಬ ಕಳ್ಳನಿದ್ದಾನೆ. ಹಿಡಿಯುತ್ತೇನೆ.

ಏಪ್ರಿಲ್ 15, ಸಂಜೆ

ಹಿಡಿದೆ. ಕಳ್ಳ ಸಿಸ್ಟಂನಲ್ಲಿ ಇಲ್ಲವೇ ಇಲ್ಲ.

ಬೆಳಿಗ್ಗೆ ಹತ್ತೂವರೆಗೆ ಪಾಠದ ತಾಲೀಮು. ವಿಷಯ: ಅಲೆಗಳು. ಬೋರ್ಡಿನ ಮೇಲೆ ಬರೆದೆ — 'ನೀರು ವೈಫೈ ಅಲೆಗಳನ್ನು ಹೀರಿಕೊಳ್ಳುತ್ತದೆ'. ಚಾಕ್‌ಪೀಸ್ ಅಲ್ಲೇ ನಿಂತಿತು. ಕಿಟಕಿಯಾಚೆ ಅತ್ತೆ ಹುಳು ಮನೆಯ ಸುತ್ತ ಇಳಿಬಿಟ್ಟ ಗೋಣಿಗಳಿಗೆ ಕೊಡಗಟ್ಟಲೆ ನೀರು ಎರಚುತ್ತಿದ್ದರು. ಹುಳುಗಳಿಗೆ ತಂಪಾಗಲೆಂದು. ಬಿಸಿಲೇರುವ ಹೊತ್ತಿಗೆ, ದಿನವೂ. ಗೋಣಿ ಕಟ್ಟಿದ್ದು ಏಳನೇ ತಾರೀಕು — ನಾನು ಅಪ್‌ಗ್ರೇಡ್ ಮಾಡಿದ ದಿನವೇ!

ರೂಟರ್ ಒದ್ದೆ ಗೋಣಿಯೊಳಗೆ. ಲೋಕೇಶನ ಫೋನೂ ಒಳಗೆ. ನಾನು ಮಾತ್ರ ಆಚೆ. ಎಂಟು ದಿನ ಬೇಕಾಯಿತು. ಗೋಣಿಯ ಮುಂದೆ ನನ್ನ ಡಿಗ್ರಿ ಗೋಣು ಬಗ್ಗಿಸಿತು.

ಏಪ್ರಿಲ್ 16

"ಅತ್ತೆ, ನಾಳೆ ಅರ್ಧ ಗಂಟೆ ಗೋಣಿ ತೆಗೆಯೋಣ್ವಾ?"

"ಈ ಬಿಸ್ಲಲ್ಲಾ? ಹುಳ ಬಾಡೋದ್ರೆ ನಿನ್ ಕಂಪ್ಯೂಟ್ರು ಗೂಡು ಕಟ್ಟಿಕೊಟ್ಟಾದಾ?"

ಹುಳುಗಳ ಕೊನೆಯ ವಾರ. ತಿಂಗಳ ದುಡಿಮೆ ಹುಳು ಸಾಕುವ ತಟ್ಟೆಗಳಲ್ಲಿದೆ. ರೂಟರ್ ಈಚೆ ತರೋಣವೆಂದರೆ ವೈರು ಸಾಲದು; ಜಯಕುಮಾರನನ್ನು ಅತ್ತೆ ಬಿಡರು. ನಾನೂ ಬಿಡಲಿಲ್ಲ — ಸಂಜೆತನಕ ಅವರ ಹಿಂದೆಯೇ ಸುತ್ತಿದೆ.

ಕೊನೆಗೆ ಸೊಪ್ಪು ಕತ್ತರಿಸುತ್ತ ಅತ್ತೆಯೇ ಅಂದರು: "ಗೋಣಿ ತೆಗಿಯಕಿಲ್ಲ. ನೀನೇ ಒಳೀಕ್ ಬಾ. ಪೌಡ್ರು ಬ್ಯಾಡ, ಹೂವ ಬ್ಯಾಡ. ತಲೆಗ್ ನೀರ್ ಉಯ್ಕಂಡ್ ಬಾ."

ಏಪ್ರಿಲ್ 17, ಮಧ್ಯಾಹ್ನ 1

ಒದ್ದೆ ಕೂದಲು. ಬೋಳು ಮುಖ. ಬ್ಲೀಚಿಂಗ್ ನೀರಿನಲ್ಲಿ ಕಾಲದ್ದಿ ಒಳಗೆ ಹೋದೆ. ಬೋರಲು ಹಾಕಿದ ಸೊಪ್ಪಿನ ಮಂಕರಿಯ ಮೇಲೆ ಲ್ಯಾಪ್‌ಟಾಪ್. ಸ್ಪೀಡ್ 38!

ಪಾಠದ ನಡುವೆ ಸಂದರ್ಶಕಿ ತಡೆದರು. "ಅಲ್ಲಿ ಜೋರು ಮಳೆನಾ?"

"ಇಲ್ಲ ಮೇಡಂ. ನಮ್ಮನೆಯವರು ಊಟ ಮಾಡ್ತಿದ್ದಾರೆ. ಸುಮಾರು ನಲವತ್ತು ಸಾವಿರ ಜನ."

ಕ್ಯಾಮೆರಾ ತಿರುಗಿಸಿದೆ. ತಟ್ಟೆ ತಟ್ಟೆಯಲ್ಲೂ ಹಿಪ್ಪುನೇರಳೆ ಸೊಪ್ಪನ್ನು ಚರಚರ ಮೇಯುವ ಹುಳು. ಅದರಾಚೆ ಒದ್ದೆ ಗೋಣಿ. ಬರೆದಿಟ್ಟ ಪಾಠ ಬಿಟ್ಟು ಆ ಗೋಣಿಯದೇ ಪಾಠ ಮಾಡಿದೆ. ಇಪ್ಪತ್ತು ನಿಮಿಷ ನಲವತ್ತಾಯಿತು. ಫಲಿತಾಂಶ ಹೇಳಲು ಸೋಮವಾರ ವಾಟ್ಸಾಪ್‌ನಲ್ಲಿ ಕರೆ ಮಾಡುತ್ತಾರಂತೆ.

ಏಪ್ರಿಲ್ 20, ಸೋಮವಾರ, 10.50

ಹುಳುಗಳು ಹಣ್ಣಾಗಿವೆ — ಮೇವು ಬಿಟ್ಟು ಮೈ ಹೊಳೆಯುತ್ತಿದೆ. ಬೆಳಗಿನಿಂದ ಎಲ್ಲರೂ ಆರಿಸಿ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದೇವೆ, ಗೂಡು ಕಟ್ಟಲು. ನಾಲ್ಕು ದಿನದಿಂದ ಪೌಡರ್ ಇಲ್ಲ. "ನೀನೂ ಹಣ್ಣಾಗಿದ್ದೀಯ ಕಣೇ" ಎಂದ ಲೋಕೇಶ್. ನೀರು ಕುಡಿಯಲು ನಡುಮನೆಗೆ ಬಂದೆ, ಐದು ನಿಮಿಷ ಇದನ್ನು ಬರೆಯಲೂ.

ಫೋನ್. ಅವರೇ! "ಹಲೋ ಭಾನುಪ್ರಿಯ, ನಿಮ್ಮ ವಿಷಯ ನಾವು..." — ಚಕ್ರ. ಕಟ್. ಮತ್ತೆ ರಿಂಗ್. ಮತ್ತೆ ಚಕ್ರ. ಆಚೆ ಅತ್ತೆ ಗೋಣಿಗೆ ಕೊಡ ಬಗ್ಗಿಸಿದ ಸದ್ದು; ಹಿಂದೆಯೇ ಅವರ ಕೂಗು:

"ಭಾನೂ! ಫೋನ್ ಇಡ್ಕಂಡ್ ಅಲ್ಲೇನ್ ನಿಂತಿದ್ದೀಯೇ? ಒಳೀಕ್ ತಗಬಾ, ಇಲ್ ಸಂದಾಗ್ ಸಿಕ್ತದೆ. ಕಾಲ್ ತೊಳ್ಕಂಡ್ ಬಾ!"

ಮತ್ತೆ ರಿಂಗ್. ಕಾಲು ತೊಳೆದು ಒಳಕ್ಕೆ ಓಡಬೇಕು; ಉಳಿದದ್ದು ಆಮೇಲೆ —