ವಿಮಾನ ನುಂಗಿದ ಮೂರನೆಯ ಘೋಷಣೆ

ನೊಂಗ್ ಕ್ರಚಾಪ್ ವಿಹಾರದ ಅಧಿಪತಿಗಳಾದ ಲುವಾಂಗ್ ಫೋ ಫ್ರೋಮ್ ಅವರ ಸನ್ನಿಧಿಗೆ,

ಮೂರು ಬಾರಿ ತಲೆಬಾಗಿದ್ದೇನೆ. ಆ ಮೂರು ನಮಸ್ಕಾರಗಳೂ ತಾವು ಹೊದ್ದಿರುವ ಕಾವಿಗೆ ಸಲ್ಲತಕ್ಕವು. ಕಾವಿಯೊಳಗೆ ಇರುವವರಿಗೆ ಸಲ್ಲಿಸಲು ಈಗ ನನ್ನಲ್ಲಿ ಉಳಿದಿರುವುದು ಹೇಸಿಗೆಯೊಂದೇ. ಅದನ್ನು ಬಾಯಿಮಾತಿನಲ್ಲಿಯೇ ಒಪ್ಪಿಸಬೇಕೆಂದು ಮೊನ್ನೆ ತಮ್ಮ ಕುಟಿಯ ಮೆಟ್ಟಿಲವರೆಗೆ ಬಂದಿದ್ದೆ. ಹೊರಗೆ ನಿಂತು ಕರೆದೆ, ಕೆಮ್ಮಿದೆ, ಊರುಗೋಲಿನಿಂದ ಗಾಜನ್ನು ತಟ್ಟಿದೆ. ಗಾಜಿನಾಚೆ ತಾವು ತಣ್ಣನೆಯ ಗಾಳಿಯಲ್ಲಿ ಕುಳಿತು ಚಹಾ ಗುಟುಕರಿಸುತ್ತಿದ್ದುದು ಕಂಡಿತು. ನನ್ನ ಧ್ವನಿ ತಮ್ಮನ್ನು ಮುಟ್ಟಲಿಲ್ಲ. ವಿಮಾನನಿಲ್ದಾಣದವರು ದಾನವಾಗಿ ಕೊಟ್ಟ ಎರಡು ಪದರದ ಗಾಜು ಅದು. ಆಕಾಶದ ಗದ್ದಲವನ್ನು ತಡೆಯಲೆಂದು ಹಾಕಿಸಿದ್ದು ನೆಲದ ಮೇಲಿನ ಮನುಷ್ಯನನ್ನೂ ತಡೆಯುತ್ತದೆ. ಆದ್ದರಿಂದ ಈ ಪತ್ರ.

ಮಾತು ನನ್ನ ಮೊಮ್ಮಗ ಕವಿನ್‌ನ ಉಪಸಂಪದೆಯನ್ನು, ಅಂದರೆ ಪೂರ್ಣ ಭಿಕ್ಷುದೀಕ್ಷೆಯನ್ನು ಕುರಿತದ್ದು. ಅವನು ಕಾವಿ ಉಟ್ಟದ್ದು ತನಗಾಗಿ ಅಲ್ಲವೆಂಬುದು ತಮಗೆ ತಿಳಿಯದ ವಿಷಯವೇನಲ್ಲ. ನಮ್ಮಲ್ಲಿ ಮಗನು ಭಿಕ್ಷುವಾದರೆ ತಾಯಿಯು ಆ ಕಾವಿಯ ಸೆರಗು ಹಿಡಿದು ಸ್ವರ್ಗದ ಮೆಟ್ಟಿಲೇರುತ್ತಾಳೆಂಬ ನಂಬಿಕೆಯಿದೆ. ನನ್ನ ಮಗಳು ಉರೈ ಆ ಸೆರಗಿಗಾಗಿ ಬದುಕಿನುದ್ದಕ್ಕೂ ಕಾಲುವೆಯ ದಂಡೆಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಅಂಟಕ್ಕಿಯ ಸಿಹಿ ಮಾರಿದಳು. ಅವಳ ಅಂಗಡಿ ಇರುವುದು ವಿಮಾನಗಳು ಚಕ್ರ ಚಾಚಿ ಇಳಿಯುವ ದಾರಿಯ ನೇರ ಕೆಳಗೆ. ಅಲ್ಲಿ ಕುಳಿತು ಕುಳಿತು ಅವಳ ಕಿವಿ ಮಂದವಾಯಿತು. ಈಗ ಗಿರಾಕಿಗಳ ತುಟಿ ನೋಡಿ ಸಿಹಿ ಕಟ್ಟುತ್ತಾಳೆ. ಇಳಿಯುವ ವಿಮಾನಗಳ ಎಣ್ಣೆಯ ಜಿಡ್ಡು ಅವಳ ಬಾಳೆಲೆಗಳ ಮೇಲೆ ಕೂರುತ್ತದೆ. ಬೆಳಗಿನ ಭಿಕ್ಷೆಗೆ ಹೊರಟ ಭಿಕ್ಷುಗಳ ಪಾತ್ರೆಯ ಅನ್ನದಲ್ಲಿಯೂ ಅದೇ ವಾಸನೆ. ತಾವು ಅದನ್ನು ಉಣ್ಣುವುದಿಲ್ಲವಾದುದರಿಂದ ತಮಗೆ ನೆನಪಿರಲಿಕ್ಕಿಲ್ಲ. ತಮಗೆ ಊಟ ಈಗ ಪೆಟ್ಟಿಗೆಯಲ್ಲಿ ಬರುತ್ತದೆ, ಪೆಟ್ಟಿಗೆಯ ಮೇಲೆ ವಿಮಾನದ ಚಿತ್ರವಿರುತ್ತದೆ.

ನಾವಿಬ್ಬರೂ ಒಂದೇ ದೀಪದ ಕೆಳಗೆ ಪಾಲಿ ವ್ಯಾಕರಣವನ್ನು ಉರುಹೊಡೆದವರು. ನಾನು ಪರೀಕ್ಷೆ ಮುಗಿಸಿ, ಕಾವಿ ಬಿಟ್ಟು, ಸಂಸಾರಿಯಾದೆ. ಆ ಓದಿನ ಗುರುತಾಗಿ 'ಮಹಾ' ಎಂಬ ಬಿರುದು ಮಾತ್ರ ಹೆಸರಿಗೆ ಅಂಟಿಕೊಂಡು ಉಳಿಯಿತು. ತಾವು ಕಾವಿಯಲ್ಲಿಯೇ ಉಳಿದಿರಿ. ತಮ್ಮನ್ನು ಕಂಡಾಗಲೆಲ್ಲ, ನಾನು ಕೈಬಿಟ್ಟದ್ದನ್ನು ಇವರು ಹಿಡಿದಿದ್ದಾರೆ ಎಂದು ನನ್ನ ಮನಸ್ಸಿಗೆ ನೆಮ್ಮದಿಯಾಗುತ್ತಿತ್ತು. ನಮ್ಮ ಗುರುಗಳ ತಾಳೆಗರಿಯ ಬೀಸಣಿಗೆ ತಮಗೆ ಬಂದಾಗ ಸಂತೋಷದಿಂದ ಅತ್ತವರಲ್ಲಿ ನಾನೂ ಒಬ್ಬ.

ಆ ಬೀಸಣಿಗೆಯ ಕೆಲಸವೇನೆಂಬುದನ್ನು ನೆನಪಿಸಬೇಕೇ? ಆಗ ಹಾರುತ್ತಿದ್ದುದು ಸಣ್ಣ ವಿಮಾನಗಳು, ಅದೂ ಅಪರೂಪಕ್ಕೆ. ಪಠಣದ ನಡುವೆ ದೂರದಲ್ಲಿ ಗುಂಯ್ ಎಂದೊಡನೆ ಗುರುಗಳು ಬೀಸಣಿಗೆ ಎತ್ತುತ್ತಿದ್ದರು. ಎಲ್ಲರ ಬಾಯಿಯೂ ಅರ್ಧ ಪದಕ್ಕೆ ನಿಲ್ಲುತ್ತಿತ್ತು. ಸದ್ದು ಕರಗಿದ ಮೇಲೆ ಬೀಸಣಿಗೆ ಇಳಿಯುತ್ತಿತ್ತು, ಉಳಿದರ್ಧ ಪದ ಹೊರಡುತ್ತಿತ್ತು. "ಕಾಯೋಣ ಬಿಡ್ರಪ್ಪಾ, ಆತುರ ಅದಕ್ಕಿರೋದು, ನಮಗಲ್ಲ" ಎನ್ನುತ್ತಿದ್ದರು. ಈ ವ್ರತ ಕೇರಿಗೂ ಹಬ್ಬಿತು. ಜಗಳವಾಡುವ ಹೆಂಗಸರು ಕೂಡ ಬೈಗುಳವನ್ನು ನಡುವೆ ನಿಲ್ಲಿಸಿ, ವಿಮಾನ ದಾಟಿದ ಮೇಲೆ ಅದೇ ಅಕ್ಷರದಿಂದ ಮುಂದುವರಿಸುತ್ತಿದ್ದರು. ಬೈಗುಳವೇ ಆಗಲಿ, ಧರ್ಮವೇ ಆಗಲಿ, ಎದುರಿನವರಿಗೆ ಕೇಳಿಸಿದಾಗ ಮಾತ್ರ ಅದು ಮಾತು ಎಂಬ ವಿವೇಕ ಈ ಕೇರಿಗೆ ಇತ್ತು.

ಬಳಿಕ ವಿಮಾನನಿಲ್ದಾಣಕ್ಕೆ ಎರಡನೆಯ ಓಡುದಾರಿ ಬಂದಿತು. ಅದಕ್ಕೆ ಮೊದಲು ನಮ್ಮ ವಿಹಾರದ ಸಭಾಂಗಣದಲ್ಲಿಯೇ ಜನರ ಅಹವಾಲು ಕೇಳುವ ಶಾಸ್ತ್ರ ನಡೆಯಿತು. ತಾವು ಎತ್ತರದ ಪೀಠದಲ್ಲಿದ್ದಿರಿ. ಕೊರಳಪಟ್ಟಿ ಕಟ್ಟಿದ ನಿಲ್ದಾಣದ ಅಧಿಕಾರಿಯೊಬ್ಬ ಎಲ್ಲರಿಗೂ ತಿಂಡಿಯ ಪೊಟ್ಟಣ ಹಂಚಿ ಹೇಳಿದ: "ಇನ್ಮೇಲೆ ದೊಡ್ಡ ವಿಮಾನ ಬರ್ತವೆ ಅಜ್ಜಿ. ಒಂದೇ ಸಲಕ್ಕೆ ಜಾಸ್ತಿ ಜನ ಬರ್ತಾರೆ, ಹಾರಾಟ ಕಮ್ಮಿಯಾಗತ್ತೆ, ಸದ್ದೂ ಕಮ್ಮಿಯಾಗತ್ತೆ." ಪಕ್ಕದ ಮನೆಯ ಚಿಯಮ್ ಬಾಯಲ್ಲಿದ್ದ ತಿಂಡಿಯನ್ನು ನುಂಗಿಕೊಂಡು ಕೇಳಿದಳು: "ಅಲ್ಲಪ್ಪಾ, ಹತ್ತು ನಾಯಿ ಬದ್ಲು ಒಂದು ಆನೆ ನಮ್ಮ ಸೂರಿನ ಮೇಲೆ ನಡ್ಕೊಂಡ್ ಹೋದ್ರೆ ನಾವು ಸುಖವಾಗಿ ನಿದ್ದೆ ಮಾಡ್ಬೇಕಾ?" ಜನ ನಕ್ಕರು. ಅವನು ದಿನವಿಡೀ ಅಳೆದ ಸದ್ದಿನ ಸರಾಸರಿಯನ್ನು ಪರದೆಯ ಮೇಲೆ ತೋರಿಸಿದ. "ಕೆನ್ನೆಗೆ ಆಗಾಗ ಬಾರಿಸಿ, ಆಮೇಲೆ ಸರಾಸರಿ ತೆಗೆದ್ರೆ ಸವರಿದ ಹಾಗೇ ಇರತ್ತೆ ಬಿಡು" ಎಂದಳು ಚಿಯಮ್. ತಾವೂ ನಕ್ಕಿರಿ; ಅದು ತಮ್ಮ ಹಳೆಯ ನಗು. ಆಕ್ಷೇಪವಿರುವವರು ಎದ್ದು ಮಾತನಾಡಿ ಎಂದು ಆ ಅಧಿಕಾರಿ ಕೇಳಿದನಂತೆ. 'ಅಂತೆ' ಎನ್ನುತ್ತೇನೆ, ಏಕೆಂದರೆ ಆ ಕ್ಷಣದಲ್ಲಿ ತಲೆಯ ಮೇಲೊಂದು ವಿಮಾನ ಹೋಗುತ್ತಿತ್ತು, ಅವನ ತುಟಿ ಅಲುಗಿದ್ದಷ್ಟೇ ಕಂಡದ್ದು. ಸದ್ದು ಇಳಿಯುವ ಹೊತ್ತಿಗೆ ಯಾರೂ ಆಕ್ಷೇಪಿಸಲಿಲ್ಲವೆಂದು ತೀರ್ಮಾನವಾಗಿತ್ತು. ತಾವು "ಸಾಧು" ಎಂದಿರಿ.

ಆ ಒಂದು ಸಾಧುವಿನ ಹಿಂದೆ ಏನೇನು ಬಂದಿತು! ತಮ್ಮ ಕುಟಿಗೆ ಗಾಜು, ತಂಪು ಯಂತ್ರ, ಹೆಬ್ಬಾಗಿಲಿನಲ್ಲಿ ದಾನಿಗಳ ಹೆಸರು ಕೊರೆದ ಅಮೃತಶಿಲೆ. ದೀಕ್ಷಾವಿಧಿಗಳು ನಡೆಯುವ ಉಪೋಸಥ ಮಂದಿರದ ಕಿಟಕಿಗಳು ಮಾತ್ರ ಹಿಂದಿನಂತೆಯೇ ಬಟಾಬಯಲು. ಹೊಸ ದೈತ್ಯ ವಿಮಾನ ಮೊದಲ ಬಾರಿಗೆ ಇಳಿದಾಗ ತಾವು ಏಣಿಯೇರಿ ಅದರ ಮೂಗಿಗೆ ಗಂಧದ ಬೊಟ್ಟಿಟ್ಟು, ಮಂತ್ರಜಲ ಪ್ರೋಕ್ಷಿಸಿದ ಚಿತ್ರವನ್ನು ಕೇರಿಯವರೆಲ್ಲ ನೋಡಿದೆವು. ಬುದ್ಧಪ್ರತಿಮೆಯ ಭುಜದ ಮೇಲೆ ಕುಳಿತ ಮಸಿಯನ್ನು ಒರೆಸಲು ಏಣಿ ಸಿಗಲಿಲ್ಲವೆಂದು ಅದೇ ವಾರ ತಾವು ಹೇಳಿದ್ದನ್ನೂ ಕೇಳಿದೆವು.

ಇಷ್ಟನ್ನೂ ನುಂಗಿಕೊಂಡಿದ್ದೆ. ಉಪಸಂಪದೆಯ ದಿನ ನಡೆದದ್ದು ಮಾತ್ರ ಗಂಟಲಿನಲ್ಲಿಯೇ ನಿಂತಿದೆ.

ದೀಕ್ಷೆ ಕೊಡುವ ಉಪಾಧ್ಯಾಯರು ತಾವು. ಬೀಸಣಿಗೆ ತಮ್ಮ ಕೈಯಲ್ಲಿತ್ತು. ವಿಮಾನನಿಲ್ದಾಣದ ಹಿರಿಯರು ದಾನಿಗಳೆಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಆ ವಿಧಿಯ ಮೊದಲ ಮಾತೇ ಸಂಘವು ಆಲಿಸಲಿ ಎಂಬುದು. ಒಮ್ಮೆ ವಿಜ್ಞಾಪಿಸಿ, ಮೂರು ಬಾರಿ ಘೋಷಿಸಿ, ಒಪ್ಪಿಗೆಯಿರುವವರು ಮೌನವಾಗಿರಬೇಕೆಂದೂ ಇಲ್ಲದವರು ನುಡಿಯಬೇಕೆಂದೂ ಕೇಳಿಕೊಳ್ಳುತ್ತಾರೆ. ಮೂರನೆಯ ಘೋಷಣೆಗೆ ಸಂಘ ಮೌನವಾಗಿದ್ದರೆ ಆ ಮೌನದಿಂದಲೇ ಭಿಕ್ಷುವು ಹುಟ್ಟುತ್ತಾನೆ. ತಾಯಿಯ ಹೊಟ್ಟೆಯಿಂದಲ್ಲ, ಕತ್ತರಿಸಿದ ಕೂದಲಿನಿಂದಲ್ಲ, ಆ ಮೌನದಿಂದ. ಎರಡು ಘೋಷಣೆಗಳು ಸ್ಫುಟವಾಗಿ ಕೇಳಿಸಿದವು. ಮೂರನೆಯದಕ್ಕೆ, ಘೋಷಣೆ ಓದುವ ಇಬ್ಬರು ಪಾಠಕರು ಬಾಯಿ ತೆರೆದಾಗ, ಚಿಯಮ್ ಹೇಳಿದ ಆನೆ ಸೂರಿನ ಮೇಲೆ ಬಂದಿತು. ಹಣತೆಗಳು ನಡುಗಿದವು, ಹೆಂಚುಗಳು ಗುಡುಗುಟ್ಟಿದವು. ಪಾಠಕರಿಬ್ಬರೂ ಗುರುಗಳ ಬೀಸಣಿಗೆಯ ಕಡೆ ನೋಡಿದರು. ತಾವು ಮುಂದಿನ ಸಾಲಿನ ಕಡೆ ನೋಡಿದಿರಿ. ಬೀಸಣಿಗೆ ಏಳಲಿಲ್ಲ. ಪಾಠಕರ ತುಟಿಗಳು ಓಡಿದವು, ವಿಮಾನ ಹೋಯಿತು, ತುಟಿಗಳು ಮುಚ್ಚಿದವು, ಶಂಖ ಊದಿದರು. ಸಂಘದಲ್ಲಿದ್ದ ವೃದ್ಧ ಭಿಕ್ಷುವೊಬ್ಬರನ್ನು ಆಮೇಲೆ ಕೇಳಿದೆ. "ಬಾಯಿ ಆಡಿದ್ದು ಕಂಡ್ತು ಮಹಾ, ಅಷ್ಟೇ" ಎಂದರು.

ತಮ್ಮ ಬಳಿಗೆ ಬಂದು, ಇನ್ನೊಮ್ಮೆ ಓದಿಸಿಬಿಡಿ ಎಂದು ಕೈಮುಗಿದೆ. ತಾವು ಅಂದದ್ದನ್ನು ಅಕ್ಷರಕ್ಕೆ ಅಕ್ಷರ ಹಿಂದಿರುಗಿಸುತ್ತಿದ್ದೇನೆ, ಸ್ವೀಕರಿಸಬೇಕು: "ಏನ್ ಮಹಾ ನೀನು! ಆ ಪಾಠ ಎಲ್ರಿಗೂ ಬಾಯಿಪಾಠ. ಕೇಳಿಸಿದ್ರೇನು, ಬಿಟ್ರೇನು? ಬಂದೋರ ಎದುರು ಬೀಸಣಿಗೆ ಎತ್ಕೊಂಡು ಕೂತ್ರೆ ಅವ್ರ ಮುಖಕ್ಕೆ ಹೊಡೆದ ಹಾಗಾಗಲ್ವಾ?"

ಕಾವಿಯನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು ಬಿರುದಿಲ್ಲದ ಹಳೆಯ ಹೆಸರಿನಿಂದ ಕರೆಯುತ್ತೇನೆ, ಕ್ಷಮಿಸಬೇಕು. ಫ್ರೋಮ್, ಆ ಮಾತು ನಾಲಗೆ ದಾಟುವಾಗ ನಿನಗೆ ಓಕರಿಕೆ ಬರಲಿಲ್ಲವೇ? ದೀರ್ಘಕ್ಕೆ ಹ್ರಸ್ವ ಹೇಳಿದರೆ ಕರ್ಮ ಕೆಡುತ್ತದೆಂದು ನನ್ನ ತೊಡೆಗೆ ಚಿವುಟಿ ಉಚ್ಚಾರ ತಿದ್ದುತ್ತಿದ್ದವನಲ್ಲವೇ ನೀನು? ಯಂತ್ರಕ್ಕೆ ಕಿವಿಯಿಲ್ಲ, ಅದನ್ನು ನಾನು ದ್ವೇಷಿಸಲಾರೆ. ಕಿವಿ ಇದ್ದೂ ಅದನ್ನು ದಾನ ತೆಗೆದುಕೊಂಡ ಗಾಜಿನ ಹಿಂದೆ ಇಟ್ಟವನನ್ನು ಕಂಡರೆ ಅಸಹ್ಯವಾಗುತ್ತದೆ, ಕೊಳೆತ ಮಾವಿನ ಹಣ್ಣನ್ನು ಹಿಡಿದಂತೆ.

ಅಂದು ಸಂಜೆ ಉರೈ ಹೂವಿನ ಬುಟ್ಟಿ ತೊಳೆಯುತ್ತ ಕೇಳಿದಳು: "ಅಪ್ಪಾ, ನಂಗಂತೂ ಏನೂ ಕೇಳಲ್ಲ, ನಿನ್ ಕಿವಿನೇ ನನ್ ಕಿವಿ. ಮೂರು ಸಲಾನೂ ಚೆನ್ನಾಗಿ ಹೇಳಿದ್ರಾ?" ಅವಳ ಮುಖದಲ್ಲಿ ಬೆಳಗಿನ ಗಂಧ ಇನ್ನೂ ಮಾಸಿರಲಿಲ್ಲ. ಸುಳ್ಳು ಎಷ್ಟು ಹತ್ತಿರವಿತ್ತು, ಎಷ್ಟು ಸಿಹಿಯಾಗಿತ್ತು! ಆದರೂ ತುಟಿ ಅವಳಿಗೆ ಕಾಣುವಂತೆ ತಿರುಗಿ ಹೇಳಿದೆ: "ಇಲ್ಲಮ್ಮ. ಮೂರನೇದು ನಂಗೂ ಕೇಳಿಸಲಿಲ್ಲ." ಅವಳು ಬುಟ್ಟಿಯನ್ನು ಮಗುಚಿಟ್ಟಳು. "ಹಾಗಾದ್ರೆ ಅವತ್ತು ಎಲ್ಲರೂ ನನ್ ಥರಾನೇ ಕೂತಿದ್ರು ಅನ್ನು" ಎಂದಳು.

ಕವಿನ್‌ಗೂ ತಿಳಿಯಿತು. "ತಾತ, ನಾನೀಗ ಭಿಕ್ಷುನೋ, ಕಾವಿ ಸುತ್ಕೊಂಡಿರೋ ಒಬ್ಬ ಹುಡುಗನೋ? ಅಮ್ಮ ಬಂದು ಕಾಲಿಗೆ ಬಿದ್ರೆ ನಾನು ಹೆಂಗೆ ನಿಂತ್ಕೊಳ್ಳಿ?" ಎಂದ. ಮರುದಿನ ಊಟದ ಹೊತ್ತಿಗೆ ಅವನು ಭಿಕ್ಷುಗಳ ಸಾಲಿನಿಂದ ಎದ್ದು ಇನ್ನೂ ಪೂರ್ಣ ದೀಕ್ಷೆಯಾಗದ ಶ್ರಾಮಣೇರರ ಸಾಲಿನ ತುದಿಯಲ್ಲಿ, ಹಾಲುಹಲ್ಲು ಬಿದ್ದ ಮರಿಸನ್ಯಾಸಿಗಿಂತಲೂ ಕೆಳಗೆ ಕುಳಿತ. ಉಪಸಂಪದೆಗೆ ಮೊದಲು ಕೊಟ್ಟ ಶ್ರಾಮಣೇರ ದೀಕ್ಷೆಯ ಮಾತುಗಳು ಎಲ್ಲರಿಗೂ ಕೇಳಿಸಿದ್ದವು. ತನಗೆ ನಿಜವಾಗಿ ದಕ್ಕಿದ್ದು ಅಷ್ಟೇ ಎಂಬುದು ಅವನ ಲೆಕ್ಕ. "ನಾಟಕ ಆಡಬೇಡ, ಮೇಲೆ ಬಾ" ಎಂದು ತಾವು ಗದರಿದಿರಂತೆ. ಆ ಗದರಿಕೆ ಮಾತ್ರ ಅಡುಗೆಮನೆಯವರೆಗೂ ಕೇಳಿಸಿತಂತೆ.

ದೀಕ್ಷಾವಿಧಿಗೆಂದು ನೆಲದ ಮೇಲೆ ಗುರುತಿಸಿದ ಸೀಮೆಯ ಬಗ್ಗೆ ಸಂದೇಹ ಹುಟ್ಟಿದಾಗ ಪೂರ್ವಿಕರು ನೀರಿಗೆ ಇಳಿಯುತ್ತಿದ್ದರು. ಹೊಳೆಯ ನಡುವೆ, ದಡಕ್ಕೆ ಹಗ್ಗ ತಾಕದಂತೆ ನಿಲ್ಲಿಸಿದ ದೋಣಿಯಲ್ಲಿ ಸಂಘ ಸೇರಿ ಉಪಸಂಪದೆ ಕೊಡಬಹುದೆಂಬುದು ತಾವೇ ನನಗೆ ಕಂಠಪಾಠ ಮಾಡಿಸಿದ ವಿಧಿ. ಬಾಂಗ್ ಪಕೊಂಗ್ ನದಿ ಕಡಲು ಸೇರುವಲ್ಲಿ, ಬೆಸ್ತರ ಕೇರಿಯ ವಿಹಾರದ ಹಿರಿಯ ಭಿಕ್ಷುಗಳು ಉಪಾಧ್ಯಾಯರಾಗಲು ಒಪ್ಪಿದ್ದಾರೆ. ಬರುವ ಹುಣ್ಣಿಮೆಯ ಬೆಳಿಗ್ಗೆ. ದೋಣಿ ಚಿಯಮ್‌ಳ ತಮ್ಮನದು. "ಸೀಗಡಿ ವಾಸ್ನೆ ಹೊಡೆಯತ್ತೆ ಮಹಾ ಅಣ್ಣ, ಆದ್ರೆ ಆಡಿದ್ ಮಾತು ಕೇಳತ್ತೆ" ಎಂದಿದ್ದಾಳೆ. ಉರೈಗೆ ಬೇರೆ ದೋಣಿ. ಸಂಘದ ದೋಣಿಗೆ ತಾಕದಷ್ಟು ದೂರ, ಕೇಳಿಸುವಷ್ಟು ಹತ್ತಿರ. ಅಷ್ಟು ನಿಶ್ಶಬ್ದದಲ್ಲಿ ಒಂದೆರಡು ಅಕ್ಷರವಾದರೂ ಅಮ್ಮನನ್ನು ಮುಟ್ಟೀತೆಂದು ಕವಿನ್‌ನ ಆಸೆ.

ಸಂಘದಲ್ಲಿ ತಮಗೊಂದು ಆಸನವನ್ನು ಅವನೇ ಕಾದಿರಿಸಿದ್ದಾನೆ. ನಾನು ಬೇಡವೆಂದೆ, ನನ್ನ ಹೇಸಿಗೆ ಅಷ್ಟು ಬೇಗ ಇಳಿಯುವಂಥದ್ದಲ್ಲ. "ಇರಲಿ ತಾತ, ಅವರಿಗೂ ಒಂದ್ಸಲ ಪೂರ್ತಿ ಕೇಳಿಸಲಿ" ಎಂದ. ಆದ್ದರಿಂದ ಆಹ್ವಾನಿಸುತ್ತಿದ್ದೇನೆ. ಬರುವುದಾದರೆ ಗುರುಗಳ ಬೀಸಣಿಗೆ ತನ್ನಿ. ಬಾರದಿದ್ದರೆ ಬಾರೆನೆಂದು ಬಾಯಿಬಿಟ್ಟು ಹೇಳಿಕಳುಹಿಸಿ. ತಾವು ಸುಮ್ಮನಿದ್ದರೆ ಅದನ್ನು ಸಮ್ಮತಿಯೆಂದು ಎಣಿಸುವ ಕೆಲಸ ನಮ್ಮಿಂದಾಗದು. ಆ ಲೆಕ್ಕ ಗೊತ್ತಿರುವವರು ತಮ್ಮ ಮುಂದಿನ ಸಾಲಿನಲ್ಲಿದ್ದಾರೆ.

ತ್ರಿರತ್ನಗಳ ಅನುಗ್ರಹದಿಂದ ತಮ್ಮ ಶ್ರವಣೇಂದ್ರಿಯ ಚಿರಕಾಲ ಚುರುಕಾಗಿರಲಿ, ಅದಕ್ಕೆ ಒಳ್ಳೆಯ ಮಾತು ತಾಕುತ್ತಿರಲಿ ಎಂದು ಹಾರೈಸುವ,

ಒಂದೇ ದೀಪದಡಿ ತಮ್ಮ ಎಡಕ್ಕೆ ಕುಳಿತು ಓದಿದ,
ಸಂಗುವನ್