ಸಂಕ್ರಾಂತಿಗೆ ಕಂಡ ಬಿಳಿ ನರಿ

ಹಡಗಿನಿಂದ, ಸಂಕ್ರಾಂತಿ, 1942
(ಊರಿನ ಹೆಸರು ಬರೆಯಕೂಡದೆಂದು ಅಪ್ಪಣೆಯಾಗಿದೆ.)

ದೊಡ್ಡಪ್ಪನವರಿಗೆ ಮುನಿವೆಂಕಟ ಇಲ್ಲಿಯ ಹಿಮದ ಮೇಲೆಯೇ ಅಡ್ಡಬಿದ್ದಿದ್ದಾನೆ, ಮೊಣಕಾಲು ಒದ್ದೆಯಾಗಿದೆ.

ಪ್ರತಿ ಸಂಕ್ರಾಂತಿಗೂ ನೀವು ನರಿ ಹಿಡಿದು ತಂದು, ಊರಿಗೆಲ್ಲ ಅದರ ಮುಖ ತೋರಿಸಿ ಬಿಟ್ಟುಬಿಡುತ್ತೀರಲ್ಲ, ಆ ಭಾಗ್ಯ ಈ ವರ್ಷ ತಪ್ಪಬಾರದೆಂದು ನಾನೂ, ನನ್ನೊಡನೆ ಹಡಗಿನ ಅಡುಗೆ ಮಾಡುವ ಶ್ರೀನಿವಾಸಪುರದ ಕದಿರೇಶನೂ ಗುಡ್ಡ ಹತ್ತಿದೆವು. ಇಲ್ಲಿ ಹೊತ್ತು ಹುಟ್ಟುವುದೇ ಹನ್ನೊಂದು ಗಂಟೆಗೆ. ಇಲ್ಲಿಯ ನರಿ ಬೇಸಿಗೆಯಲ್ಲಿ ರಾಗಿಮುದ್ದೆಯ ಬಣ್ಣವಂತೆ. ಚಳಿಗೆ ಬಾಲದ ತುದಿಯವರೆಗೂ ಹಿಮದಷ್ಟೇ ಬಿಳುಪು. ಹಾಗಾಗಿ ಮೊದಲು ನಾವು ಭಕ್ತಿಯಿಂದ ಕೈಮುಗಿದದ್ದು ಒಂದು ಹಿಮದ ಗುಡ್ಡೆಗೆ. ಅದರ ಪಕ್ಕದಲ್ಲೇ ನಿಜವಾದ ನರಿ ನಮಗೆ ಬೆನ್ನು ಹಾಕಿ ಎದ್ದಿತು. ಹಿಮದಡಿ ಇಲಿ ಓಡಾಡುವ ಸದ್ದಿಗೆ ಕಿವಿಗೊಟ್ಟು, ಚಂಗನೆ ನೆಗೆದು, ತಲೆಕೆಳಗಾಗಿ ಸೊಂಟದವರೆಗೆ ಹೂತುಕೊಂಡಿತು.

“ಅಣ್ಣಾ, ಮುಖ ಎಲ್ಲೈತೆ? ಬರೀ ಹಿಂದ್ಗಡೇನೇ ಕಾಣ್ತೈತಲ್ಲ!” ಎಂದ ಕದಿರೇಶ.

“ಮೊದ್ಲು ಕೈ ಮುಗಿಯೋ ಲೇ, ಆಮೇಲೆ ದೊಡ್ಡಪ್ಪನ್ನ ಕೇಳಾನ” ಎಂದೆ.

ಅದು ಇಲಿ ಕಚ್ಚಿಕೊಂಡು, ನಮ್ಮತ್ತ ತಿರುಗಿಯೂ ನೋಡದೆ ಹೋಯಿತು.

ನನ್ನ ಕೆಮ್ಮು ವಾಸಿ. ಕಿವಿ ಮಾತ್ರ ಮರಗಟ್ಟಿದೆ. ನರಿಯ ಹಿಂಭಾಗ ಕಂಡರೆ ಶುಭವೋ ಅಶುಭವೋ, ದೋಷವಿದ್ದರೆ ಏನು ಪರಿಹಾರ, ಕೂಡಲೇ ತಿಳಿಸಿ. ನಾಳೆಯೇ ಯುದ್ಧದ ಕಡಲಿಗೆ ಹೊರಡುತ್ತೇವೆ, ಈ ಕಾರ್ಡು ನಿಮಗೆ ಮುಟ್ಟಲು ಮೂರು ತಿಂಗಳಂತೆ. ಅಲ್ಲಿಯವರೆಗೆ ಯಾವುದಕ್ಕೂ ಇರಲಿ ಎಂದು ಇಬ್ಬರೂ ಹಡಗನ್ನು ಹಿಂಭಾಗ ಮುಂದಾಗಿ ಹತ್ತಿದ್ದೇವೆ.